ನಾದ ಕೇಳುವ ಅಳಿಯ

"ಸಾರ್, ಫ್ಯಾನ್ ಸ್ವಲ್ಪ ಕಮ್ಮಿ ಮಾಡಿ" ಅಂದ ಹುಡುಗಿಯ ಕತ್ತು ಹಿಸುಕಬೇಕು ಅನ್ನಿಸಿತು ಸೋಮಶೇಖರನಿಗೆ.

ಅನ್ನಿಸಿದ್ದಕ್ಕೆ ಅವನಿಗೇ ಗಾಬರಿಯಾಯಿತು. ಪಾಪದ ಹುಡುಗಿ. ಉತ್ತರ ಪತ್ರಿಕೆ ಹಾರಿಹೋಗದಂತೆ ಮೊಣಕೈ ಊರಿಕೊಂಡು, ಇನ್ನೊಂದು ಕೈಯಲ್ಲಿ ಪ್ರಶ್ನೆ ಪತ್ರಿಕೆ ಹಿಡಿದು ಒದ್ದಾಡುತ್ತಿದ್ದಳು. ಕುಣಿಗಲ್ಲಿನ ಆ ಕಾಲೇಜಿನ ಫ್ಯಾನುಗಳು ತಿರುಗಿದರೆ ಸೂರು ಕಿತ್ತುಕೊಂಡು ಹೋಗುವ ಹಾಗೆ ತಿರುಗುತ್ತವೆ. ಪರೀಕ್ಷೆ ಶುರುವಾಗುವ ಮೊದಲೇ ಬಂದು ಎಲ್ಲ ರೆಗ್ಯುಲೇಟರುಗಳನ್ನೂ ಕೊನೆಯವರೆಗೆ ತಿರುಗಿಸಿಟ್ಟವನು ಅವನೇ.

"ಸೆಕೆ ಇದೆಯಲ್ಲಮ್ಮ."

"ಪೇಪರ್ ನಿಲ್ತಾನೇ ಇಲ್ಲ ಸಾರ್."

ಉಳಿದ ಮಕ್ಕಳೂ ತಲೆ ಎತ್ತಿದರು. ಎಲ್ಲರ ಮುಖದಲ್ಲೂ ಅದೇ ಅಹವಾಲು. ಬೇರೆ ದಾರಿಯಿಲ್ಲದೆ ಹೋಗಿ ಆಫ್ ಮಾಡಿದ. ರೆಕ್ಕೆಗಳು ನಿಧಾನವಾದವು, ಬೇರೆ ಬೇರೆಯಾಗಿ ಕಾಣಿಸಿದವು, ನಿಂತವು.

ಆಗ ಅದು ಬಂತು. ಬಂತು ಅನ್ನುವುದು ತಪ್ಪು, ಅದು ಎಲ್ಲಿಗೂ ಹೋಗಿರಲಿಲ್ಲ. ಕುಕ್ಕರು ಸೀಟಿ ಹೊಡೆಯುವ ಮುಂಚೆ ಸುಯ್ ಎಂದು ಸದ್ದು ಮಾಡುತ್ತದಲ್ಲ, ಅದು. ಕುಕ್ಕರಾದರೆ ಸೀಟಿ ಹೊಡೆದು ಸುಮ್ಮನಾಗುತ್ತದೆ. ಇದು ಸೀಟಿ ಹೊಡೆಯುವುದಿಲ್ಲ, ಆರಿಸೋಣವೆಂದರೆ ಒಲೆಯೂ ಇಲ್ಲ. ಎಡಗಿವಿಯ ಹಿಂದೆ ಎಲ್ಲೋ ಹುಟ್ಟಿ, ತಲೆಯ ನಡುವೆ ದಾಟಿ, ಬಲಗಿವಿಯಲ್ಲಿ ಸ್ವಲ್ಪ ಕೀರಲಾಗಿ ಮುಂದುವರಿಯುತ್ತದೆ. ನಿದ್ದೆಯಲ್ಲಿ ಮಾತ್ರ ಇರುವುದಿಲ್ಲ ಅಂತ ಅವನ ಅಂದಾಜು. ನಿದ್ದೆಯೇ ಇರುವುದಿಲ್ಲವಾದ್ದರಿಂದ ಅದೂ ಖಾತ್ರಿಯಿಲ್ಲ.

ತುಮಕೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಅವನಿಗೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ಈ ವರ್ಷ ಕುಣಿಗಲ್ಲು ಬಿದ್ದಿತ್ತು. ಪಾಠ ಹೇಳುವುದಾದರೆ ಪರವಾಗಿಲ್ಲ, ತನ್ನ ದನಿಯ ಅಡಿಯಲ್ಲಿ ಅದು ಅಡಗಿ ಕೂತಿರುತ್ತದೆ. ಪರೀಕ್ಷೆಯ ಹಾಲಿನಲ್ಲಿ ದನಿ ಎತ್ತುವಂತಿಲ್ಲ. ಬೆಂಚುಗಳ ನಡುವೆ ಓಡಾಡಿದ. ಹೊಸ ಚಪ್ಪಲಿ ಕಿರುಗುಟ್ಟುತ್ತಿತ್ತು. ಕಿರುಗುಟ್ಟಲಿ ಅಂತಲೇ ಹಾಕಿಕೊಂಡು ಬಂದಿದ್ದ.

ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ಮತ್ತೆ ಕೈ ಎತ್ತಿದಳು.

"ಸಾರ್, ನೀವು ಹಾಡ್ತಾ ಇದೀರಾ."

"ಏನು?"

"ಹೂಂ ಅಂತ. ಆಗ್ಲಿಂದ. ಬರಿಯೋಕ್ ಆಗ್ತಿಲ್ಲ ಸಾರ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೋಮಶೇಖರ ಬಾಯಿ ಮುಚ್ಚಿಕೊಂಡ. ಅವನಿಗೆ ತಾನು ಗುನುಗುತ್ತಿದ್ದದ್ದು ಗೊತ್ತೇ ಇರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತು, ರಸ್ತೆಯಲ್ಲಿ ಒಂದಾದರೂ ಲಾರಿ ಹೋಗಲಪ್ಪಾ ಅಂತ ಕಾದ. ಪರೀಕ್ಷೆ ನಡೆಯುತ್ತಿದೆಯೆಂದು ಪೊಲೀಸರು ಆ ರಸ್ತೆಯನ್ನೂ ಮುಚ್ಚಿದ್ದರು.

ಇವತ್ತೊಂದು ದಿನ, ಅಂದುಕೊಂಡ. ಇವತ್ತು ಮಧ್ಯಾಹ್ನ ಮಾಲಿನಿ ತನ್ನ ಜೊತೆ ಡಾಕ್ಟರ ಮುಂದೆ ಕೂರುತ್ತಾಳೆ. ಇದು ಕಾಯಿಲೆ, ಇವರು ನರಳುತ್ತಿದ್ದಾರೆ ಅಂತ ಡಾಕ್ಟರ ಬಾಯಿಂದಲೇ ಕೇಳುತ್ತಾಳೆ. ವಾಸಿಯಾಗದಿದ್ದರೆ ಬೇಡ. ಹೆಂಡತಿಯಾದವಳು ಒಂದು ಸಲ "ಅಯ್ಯೋ ಪಾಪ" ಅಂದರೆ ಸಾಕಿತ್ತು. ಅಷ್ಟಕ್ಕಾಗಿ ಅವನು ತಿಂಗಳಿಂದ ಬಡಿದಾಡುತ್ತಿದ್ದ.

*

ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಸೀಟೇ ಬೇಕು ಅವನಿಗೆ. ಇಂಜಿನ್ನಿನ ಶಾಖ ಮೊಣಕಾಲಿಗೆ ಹೊಡೆಯುತ್ತದೆ, ಡೀಸೆಲ್ ವಾಸನೆಗೆ ತಲೆ ತಿರುಗುತ್ತದೆ. ಅಲ್ಲಿ ಯಾರೂ ಕೂರುವುದಿಲ್ಲ. ಅವನಿಗೆ ಮಾತ್ರ ಅದು ಸ್ವರ್ಗ.

ತುಮಕೂರಿನ ಅವನದೇ ಕಾಲೇಜಿನ ಭೀಮರಾಜ್ ಕೂಡ ಡ್ಯೂಟಿ ಮುಗಿಸಿ ಬಂದವನು ಪಕ್ಕಕ್ಕೆ ನುಗ್ಗಿ ಕೂತ. ವಾಣಿಜ್ಯಶಾಸ್ತ್ರದವನು, ಬಾಯಿಗೆ ಬೀಗವಿಲ್ಲ.

"ಏನ್ ಸಾರ್, ದೊಡ್ಡ ಮನುಷ್ಯರಾಗ್ಬಿಟ್ರಂತೆ!"

"ಯಾರು ಹೇಳಿದ್ರು?"

"ಗುಬ್ಬಿಗೆಲ್ಲ ಗೊತ್ತು ಸಾರ್. ನಮ್ಮತ್ತೆ ಮನೆ ಅಲ್ಲೇ ಅಲ್ವಾ. ಸದಾಶಿವಯ್ಯನವ್ರ ಅಳಿಯಂದ್ರಿಗೆ ನಾದ ಕೇಳುಸ್ತಾ ಐತಂತೆ, ಹುಣ್ಣಿಮೆ ದಿನ ಮಠದಲ್ಲಿ ಮಾತಾಡ್ತಾರಂತೆ ಅಂತ ಹೇಳ್ತಿದ್ರು. ಇವತ್ತೇ ತಾನೆ ಹುಣ್ಣಿಮೆ?"

"ಅದು ನಾದ ಅಲ್ಲ ಕಣ್ರೀ. ಕಿವಿ ಕಾಯಿಲೆ."

"ಆಗ್ಲಿ ಬುಡಿ ಸಾರ್, ಕಾಯಿಲೆಗೆ ಹಾರ ಹಾಕ್ತಾರೆ ಅಂದ್ರೆ ಯಾರಿಗುಂಟು!" ಅಂದ ಭೀಮರಾಜ್. ಅವನ ಧ್ವನಿಯಲ್ಲಿ ತಮಾಷೆ ಇತ್ತು. ಆದರೆ ಹೆಬ್ಬೂರಿನಲ್ಲಿ ಇಳಿಯುವ ಮುಂಚೆ, ಮಗಳ ಸೀಟಿನ ವಿಚಾರ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಸಾರ್, ಏನೋ ನಿಮ್ಮಂಥೋರ ಬಾಯಿ ಹರಕೆ ಅಂದ. ಆಗ ತಮಾಷೆ ಇರಲಿಲ್ಲ.

ಹೆಬ್ಬೂರು ದಾಟಿದ ಮೇಲೆ ಸೋಮಶೇಖರ ಕಣ್ಣು ಮುಚ್ಚಿದ. ಇಂಜಿನ್ನು ಅಬ್ಬರಿಸುತ್ತಿತ್ತು. ಅದರ ಒಳಗೂ ತೆಳ್ಳಗೆ ಅದು ಇದ್ದೇ ಇತ್ತು.

ಕಳೆದ ವರ್ಷ ಯಾವುದೋ ಜ್ವರ ಬಂದು ಹೋಗಿತ್ತು. ಜ್ವರ ಹೋಯಿತು, ಇದು ಉಳಿಯಿತು. ಮೊದಮೊದಲು ಪಕ್ಕದ ಮನೆಯವರ ಮೋಟಾರು ಅಂದುಕೊಂಡು ಅವರ ಜೊತೆ ಜಗಳ ಆಡಿದ್ದ. ಆಮೇಲೆ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡ. ಡಿಸೆಂಬರಿನ ಚಳಿಯಲ್ಲೂ ಫ್ಯಾನು ಬೇಕು. ಬಚ್ಚಲಿನ ನಲ್ಲಿ ಸೋರುತ್ತಿದ್ದರೆ ಸೋರಲಿ. ಕ್ಯಾತ್ಸಂದ್ರದ ಮನೆಯಲ್ಲಿ ಅವನೂ ಮಾಲಿನಿಯೂ ಇಬ್ಬರೇ, ಮಗಳು ಹಾಸ್ಟೆಲ್ಲಿನಲ್ಲಿ. "ಚಳೀಲಿ ಫ್ಯಾನ್ ಹಾಕ್ಕೊಂಡು ಮಲಗೋ ಮನುಷ್ಯನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ" ಅಂತ ಬೈದು, ಮಾಲಿನಿ ದಿಂಬು ಎತ್ತಿಕೊಂಡು ಮಗಳ ರೂಮಿಗೆ ಹೋಗಿದ್ದಳು. ಬೈದು ಹೋಗಿದ್ದಳು, ಅದೇ ಚೆನ್ನಾಗಿತ್ತು.

ಕೆಟ್ಟದ್ದು ಶಿವರಾತ್ರಿಗೆ. ಧ್ಯಾನ ಮಾಡಿದರೆ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದರು. ಧ್ಯಾನವೆಂದರೆ ಅವನಿಗೆ ಗೊತ್ತಿದ್ದದ್ದು ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟ ಲಿಂಗಪೂಜೆ ಒಂದೇ. ಕಾಲೇಜು ಸೇರಿದಾಗ ಬಿಟ್ಟದ್ದು. ಲಿಂಗವಿದ್ದ ಕರಡಿಗೆಯನ್ನು ಗೋಡೆಯ ಮೊಳೆಗೆ ನೇತುಹಾಕಿ, ತಾನು ವಿಚಾರವಂತನೆಂದು ತಿರುಗಾಡಿದ್ದ. ಈಗ ಗುಬ್ಬಿಯಲ್ಲಿ ಮಾವನ ಮನೆಯ ಪೂಜೆಕೋಣೆಯಲ್ಲಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತ. ಕೋಣೆಗೆ ಗಾಳಿಯಿಲ್ಲ, ಸದ್ದಿಲ್ಲ. ಒಳಗಿನದು ಬಾಯ್ತೆರೆದು ಅರಚಿತು. ಅವನಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟ.

ಬಾಗಿಲಲ್ಲಿ ಸದಾಶಿವಯ್ಯ ನಿಂತಿದ್ದರು.

"ಯಾಕೆ ಅಳಿಯಂದ್ರೇ, ಕಣ್ಣಲ್ಲಿ ನೀರು?"

"ಏನಿಲ್ಲ ಮಾವ. ಸದ್ದು."

"ಮನೇಲಿ ಸದ್ದೇ ಇಲ್ವಲ್ಲ."

"ಒಳಗೆ."

ಹೇಗಿದೆ, ಏನು ಕೇಳಿಸುತ್ತೆ ಅಂತ ಅವರು ಕೂತು ವಿಚಾರಿಸಿದರು. ಅಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ. ಅವನು ಮೇಷ್ಟ್ರಲ್ಲವೇ, ನೀಟಾಗಿ ವರ್ಣಿಸಿದ. ಬೆಳಿಗ್ಗೆ ದುಂಬಿಯ ಹಾಗೆ ಮಾವ, ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಉಳಿಯುತ್ತಲ್ಲ ಹಾಗೆ, ಮಲಗಿದಾಗ ಶಂಖ. ವರ್ಣಿಸಿದ್ದೇ ತಪ್ಪಾಯಿತು. ಹಾಳಾದ್ದು, ಕುಕ್ಕರು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಸದಾಶಿವಯ್ಯ ಕೊಬ್ಬರಿ ವ್ಯಾಪಾರಿ. ಕಾಯನ್ನು ಒಡೆಯದೆ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟುಕು ಒಣಗಿದೆಯೋ ಹಸಿಯೋ ಅಂತ ಹೇಳಿ ಬದುಕಿದವರು. ಮಠದ ಪ್ರವಚನ ಒಂದನ್ನೂ ತಪ್ಪಿಸಿದವರಲ್ಲ. ಸಾಧನೆ ಮಾಡಿದವನಿಗೆ ಒಳಗೆ ದುಂಬಿ, ಗಂಟೆ, ಶಂಖ ಕೇಳಿಸುತ್ತದೆ, ಯಾರೂ ಬಾರಿಸದೆ ಹುಟ್ಟುವ ನಾದ ಅದು ಅಂತ ಎಷ್ಟೋ ಸಲ ಕೇಳಿದ್ದರು. ತಾವು ಬೆಳಗಿನ ಜಾವ ಎದ್ದು ಕೂತು ಕೂತು ಕಾದರೂ ಒಂದು ಸೊಳ್ಳೆಯ ಸದ್ದೂ ಬಂದಿರಲಿಲ್ಲ. ಪೂಜೆ ಬಿಟ್ಟ, ನಾಸ್ತಿಕ ಅಂತ ತಾವೇ ಹೀಯಾಳಿಸುತ್ತಿದ್ದ ಅಳಿಯ ಒಂದೇ ಸಲ ಕೂತದ್ದಕ್ಕೆ ಎಲ್ಲವೂ ಸಾಲಾಗಿ ಬಂದಿದೆ! ಅವರು ಅವನ ಭುಜ ಮುಟ್ಟಿದರು. "ಮಾಲಿನೀ, ಬಾರವ್ವ ಇಲ್ಲಿ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅವತ್ತಿನಿಂದ ಮಾಲಿನಿ ಜಗಳ ಬಿಟ್ಟಳು. ದಿಂಬು ವಾಪಸು ಬಂತು. ಗಂಡನ ಸಾಧನೆಗೆ ತೊಂದರೆಯಾಗಬಾರದೆಂದು ಫ್ಯಾನು ಆರಿಸಿದಳು, ಟಿವಿಯ ದನಿ ತೆಗೆದಳು, ಪಕ್ಕದ ಮನೆಯವರಿಗೆ ಮೋಟಾರು ಬೇಗ ಹಾಕಿಕೊಳ್ಳಿ ಅಂತ ಹೇಳಿ ಬಂದಳು. ಪ್ಲಂಬರನ್ನು ಕರೆಸಿ ಬಚ್ಚಲಿನ ನಲ್ಲಿ ಸರಿಮಾಡಿಸಿದಳು. ಆ ನಲ್ಲಿಯ ತೊಟ್ಟಿಕ್ಕುವ ಸದ್ದನ್ನು ನಂಬಿಕೊಂಡು ಅವನು ಒಂದಿಷ್ಟು ನಿದ್ದೆ ಮಾಡುತ್ತಿದ್ದ.

*

ಅಶೋಕನಗರದ ಕ್ಲಿನಿಕ್ಕಿನಲ್ಲಿ ಮೊದಲು ಅವನನ್ನು ಸದ್ದು ಹೊಗದ ಒಂದು ಗೂಡಿನಲ್ಲಿ ಕೂರಿಸಿದರು. ಗೋಡೆಗೆಲ್ಲ ಸ್ಪಂಜು. ಕಿವಿಗೆ ಹೆಡ್‌ಫೋನು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು.

ಬಾಗಿಲು ಮುಚ್ಚಿತು. ಅವನು ಗುಂಡಿ ಒತ್ತಿದ. ಒತ್ತಿ ಹಿಡಿದೇ ಇದ್ದ.

"ಇನ್ನೂ ಶುರು ಮಾಡಿಲ್ಲ ಸಾರ್" ಅಂತ ಹೆಡ್‌ಫೋನಿನಲ್ಲಿ ಒಂದು ಹೆಣ್ಣು ದನಿ ಹೇಳಿತು.

ಹೊರಗೆ ಬಂದಾಗ ಮಾಲಿನಿ ಬಂದಿದ್ದಳು. ಸಹಕಾರ ಬ್ಯಾಂಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಸಂಜೆಗೆಂದು ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡಿದ್ದಳು. ಇಬ್ಬರೂ ಡಾಕ್ಟರ್ ಕೋಮಲಾ ಅವರ ಎದುರು ಕೂತರು. ಒಳ್ಳೆಯ ಹೆಂಗಸು, ಆದರೆ ಹೊರಗೆ ಬೆಂಚು ತುಂಬ ಜನ ಕಾದಿದ್ದರು.

"ಕಿವಿ ಚೆನ್ನಾಗೇ ಇದೆ ಸಾರ್. ತುಂಬಾ ಸಣ್ಣ ದನಿಗಳು ಸ್ವಲ್ಪ ಕಮ್ಮಿ ಕೇಳಿಸ್ತಿವೆ, ವಯಸ್ಸಿಗೆ ಅದು ಸಹಜ."

"ಈ ಸದ್ದು?"

"ಅದು ನಿಜವಾದ ಸದ್ದಲ್ಲ. ಹೊರಗಡೆ ಎಲ್ಲೂ ಇಲ್ಲ, ಕಿವೀಲೂ ಇಲ್ಲ. ಒಳಗೆ ಮಿದುಳೇ ಹುಟ್ಟಿಸ್ತಾ ಇದೆ. ಟಿನ್ನಿಟಸ್ ಅಂತಾರೆ."

ಮಾಲಿನಿ ಕುರ್ಚಿಯ ತುದಿಗೆ ಬಂದಳು. "ಹಾಗಾದ್ರೆ ಇದು ಕಾಯಿಲೆ ಅಲ್ವಾ ಡಾಕ್ಟ್ರೇ?"

"ಕಾಯಿಲೆ ಅಂತ ಹೇಳೋಕಾಗಲ್ಲ ಮೇಡಂ. ಅದೊಂದು ಲಕ್ಷಣ. ಸ್ಕ್ಯಾನಿಂಗೂ ಸರಿಯಿದೆ. ಭಯ ಪಡೋವಂಥದ್ದು ಏನೂ ಇಲ್ಲ."

"ಮಾತ್ರೆ?"

"ಮಾತ್ರೆ ಬೇಕಾಗಿಲ್ಲ. ಇವರು ಅದರ ಜೊತೆ ಹೋರಾಡ್ಬಾರ್ದು ಅಷ್ಟೇ. ಒಪ್ಕೊಂಡ್ಬಿಡ್ಬೇಕು. ಧ್ಯಾನ ಮಾಡೋರಾದ್ರೆ ಇನ್ನೂ ಒಳ್ಳೇದು."

ಸೋಮಶೇಖರ ಮಾಲಿನಿಯ ಕಡೆ ತಿರುಗಿದ. ಅವಳ ಮುಖ ಬೆಳಗುತ್ತಿತ್ತು.

"ಡಾಕ್ಟ್ರೇ" ಅಂದ ಅವನು, "ತುಂಬಾ ಕಷ್ಟ ಆಗುತ್ತೆ ಅಂತ ಹೇಳಿ. ನಂಗಲ್ಲ, ಇವಳಿಗೆ ಹೇಳಿ."

"ಆಗುತ್ತೆ ಸಾರ್, ನಂಗೆ ಗೊತ್ತು. ಎಷ್ಟೋ ಜನ ಬರ್ತಾರೆ. ನಿಧಾನಕ್ಕೆ ಅಭ್ಯಾಸ ಆಗ್ಬಿಡುತ್ತೆ."

"ಸತ್ರೆ ನಿಲ್ಲುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಮಾಲಿನಿ ಮೆಲ್ಲಗೆ, "ಅವರು ಹಾಗೇ ಡಾಕ್ಟ್ರೇ, ದೊಡ್ಡ ದೊಡ್ಡ ಪ್ರಶ್ನೆ ಕೇಳ್ತಿರ್ತಾರೆ" ಅಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರು ಇಬ್ಬರನ್ನೂ ಒಂದು ಗಳಿಗೆ ನೋಡಿ, ಗುರುವಾರ ಕೌನ್ಸೆಲರ್ ಬರುತ್ತಾರೆ, ತಪ್ಪದೆ ಬನ್ನಿ, ಹಾಗೆಲ್ಲ ಯೋಚನೆ ಮಾಡಬೇಡಿ ಅಂದರು. ಸೋಮಶೇಖರ ಆಗಲಿ ಅಂದ. ಗುರುವಾರಕ್ಕೆ ಇನ್ನೂ ದಿನವಿತ್ತು.

*

ಕಾರು ಮಾಲಿನಿಯೇ ಓಡಿಸುತ್ತಾಳೆ. ಅವನಿಗೆ ಹಾರನ್ನು ಕೇಳಿಸುತ್ತದೆ, ಯಾವ ಕಡೆಯಿಂದ ಅಂತ ತಿಳಿಯುವುದಿಲ್ಲ. ಗುಬ್ಬಿ ರಸ್ತೆಗೆ ಬಂದ ಮೇಲೆ ಅವಳು ಕಿಟಕಿಯ ಗಾಜುಗಳನ್ನೆಲ್ಲ ಏರಿಸಿದಳು. ಅವನು ತನ್ನ ಕಡೆಯದನ್ನು ಇಳಿಸಿದ. ಅವಳು ನಕ್ಕು ಸುಮ್ಮನಾದಳು. ಮೊದಲಾಗಿದ್ದರೆ ಧೂಳು ಬರುತ್ತೆ ಅಂತ ರೇಗುತ್ತಿದ್ದಳು.

"ನೋಡಿದ್ರಾ, ಅಪ್ಪ ಹೇಳಿದ್ದನ್ನೇ ಡಾಕ್ಟ್ರೂ ಹೇಳಿದ್ರು. ಹೊರಗೆಲ್ಲೂ ಇಲ್ಲ, ಒಳಗೇ ಹುಟ್ಟೋದು ಅಂತ."

"ಮಿದುಳು ಕೆಟ್ಟಿದೆ ಅಂತ ಹೇಳಿದ್ದು ಅವರು."

"ಕೆಟ್ಟಿದೆ ಅಂತ ಎಲ್ಲಿ ಹೇಳಿದ್ರು?"

ಹೇಳಿರಲಿಲ್ಲ, ನಿಜ. ಅವನು ಹೊರಗೆ ನೋಡಿದ.

"ಮಾಲಿನಿ, ನನ್ನ ಜೊತೆ ಜಗಳ ಆಡೇ."

"ಯಾಕ್ರೀ?"

"ಸುಮ್ನೆ. ಮೊದಲಿನ ಹಾಗೆ. ಬೈಯಿ. ಮುಂಡೇದೇ ಅನ್ನು."

"ಏನ್ ಮಾತು ಅಂತ ಆಡ್ತೀರಿ!" ಅಂದಳು. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯ ಮೇಲೇ ಕಣ್ಣಿಟ್ಟುಕೊಂಡು, "ರೀ, ಒಂದು ಮಾತು ಹೇಳ್ಲಾ? ನಮ್ಮ ಮದುವೆ ಆದಾಗಿಂದ ಅಪ್ಪ ನಿಮ್ಮ ಹೆಸರನ್ನ ಯಾರ ಮುಂದೇನೂ ಎತ್ತಿದ್ದೋರಲ್ಲ. ಅಕ್ಕನ ಗಂಡ ಹಂಗೆ, ಭಾವಮೈದ ಹಿಂಗೆ, ನನ್ನ ಗಂಡನ ವಿಷ್ಯ ಬಂದ್ರೆ ಎಲೆ ಅಡಿಕೆ ಹಾಕ್ಕೊಂಡು ಕೂತುಬಿಡೋರು. ಇವತ್ತು ಊರೆಲ್ಲ ಕರ್ದಿದಾರೆ. ನಂಗೆಷ್ಟು ಖುಷಿಯಾಗಿದೆ ಗೊತ್ತಾ" ಅಂದಳು.

ಸೋಮಶೇಖರನಿಗೆ ಅವಳ ಮೇಲೆ ಕನಿಕರ ಬಂತು. ಬರಬೇಕಾದದ್ದು ಆ ಕಡೆಯಿಂದ, ಬರುತ್ತಿರುವುದು ಈ ಕಡೆಯಿಂದ. ಆದರೂ ಮನಸ್ಸು ಗಟ್ಟಿಮಾಡಿದ. ಅಲ್ಲಿ ಎಲ್ಲರ ಮುಂದೆ ನಿಂತು ನಿಜ ಹೇಳಿಬಿಡಬೇಕು. ಊರವರ ಎದುರು ಒಂದು ಸಲ ಕಾಯಿಲೆ ಅಂದುಬಿಟ್ಟರೆ ಇವಳೂ ಕಾಯಿಲೆ ಅನ್ನಲೇಬೇಕಲ್ಲ. ಮಾವನಿಗೆ ಅವಮಾನವಾಗುತ್ತದೆ. ಆಗಲಿ. ಇವಳು ಕೆಟ್ಟ ಕೋಪ ಮಾಡಿಕೊಳ್ಳುತ್ತಾಳೆ. ದಿಂಬು ಎತ್ತಿಕೊಂಡು ಹೋಗುತ್ತಾಳೆ. ಹೋಗಲಿ, ದೇವರೇ, ಹೋಗಲಿ.

*

ಗುಬ್ಬಿ ಪೇಟೆಯ ಹಿಂದಿನ ಸಣ್ಣ ಮಠದಲ್ಲಿ ಪ್ರತಿ ಹುಣ್ಣಿಮೆಗೆ ಶಿವಾನುಭವ ಗೋಷ್ಠಿ. ಸ್ವಾಮಿಗಳು ಯಾವುದೋ ಊರಿನ ಗೃಹಪ್ರವೇಶಕ್ಕೆ ಹೋಗಿದ್ದರಿಂದ ಸದಾಶಿವಯ್ಯನವರೇ ಯಜಮಾನರು. ಹಾಲಿನ ತುಂಬ ಜನ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ವಿಭೂತಿಯ, ಹೊಸದಾಗಿ ಬಳಿದ ಸುಣ್ಣದ ವಾಸನೆ.

"ಬನ್ನಿ ಬನ್ನಿ ಅಳಿಯಂದ್ರೇ, ಇಲ್ಲಿ ಕೂತ್ಕಳಿ" ಅಂತ ಸದಾಶಿವಯ್ಯ ತಮ್ಮ ಪಕ್ಕದಲ್ಲೇ ಕೂರಿಸಿದರು. ಹಾರ ಹಾಕಿದರು. ಮೈಕು ಹಿಡಿದು ಮಾತಾಡಿದರು. ಸದ್ದಿನ ವಿಷಯ ಎಲ್ಲರಿಗೂ ಗೊತ್ತಿದ್ದರೂ ಮೊದಲಿಂದ ಹೇಳಿದರು. ದುಂಬಿ, ಗಂಟೆ, ಶಂಖ. ಇವತ್ತು ದೊಡ್ಡ ಡಾಕ್ಟರಿಗೂ ತೋರಿಸಿಕೊಂಡು ಬಂದಿದ್ದಾರೆ, ಹೊರಗಿನ ಸದ್ದಲ್ಲ, ಒಳಗಿಂದಾನೇ ಬರೋದು ಅಂತ ಅವರೂ ಒಪ್ಪಿಕೊಂಡಿದ್ದಾರೆ ಅಂದರು. ಮಾಲಿನಿ ಆಗಲೇ ಫೋನು ಮಾಡಿ ಹೇಳಿದ್ದಳು.

ಸೋಮಶೇಖರ ಎದ್ದು ನಿಂತ. ಮೈಕು ಹಿಡಿದ.

"ನನಗೆ ಕಾಯಿಲೆ" ಅಂದ.

ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದ.

"ಇದು ನಾದ ಅಲ್ಲ. ಟಿನ್ನಿಟಸ್ ಅಂತ ಇದರ ಹೆಸರು. ನನಗೆ ದೇವರ ಮೇಲೆ ಅಂಥ ನಂಬಿಕೆಯೂ ಇಲ್ಲ. ನಾನು ಏನನ್ನೂ ಸಾಧಿಸಿಲ್ಲ. ನೀವು ತಪ್ಪು ತಿಳ್ಕೊಂಡಿದೀರಿ."

ಸದಾಶಿವಯ್ಯ ಪಕ್ಕದಿಂದ ಮೈಕಿಗೆ ಬಾಗಿದರು. ಅವರ ಮುಖದಲ್ಲಿ ಅವಮಾನದ ಸುಳಿವೂ ಇರಲಿಲ್ಲ. "ನೋಡಿದ್ರೇನ್ರಪ್ಪಾ ವಿನಯ! ನಾವಾಗಿದ್ರೆ ತಮಟೆ ಹೊಡ್ಕೊಂಡು ಬರ್ತಿದ್ವಿ. ಏನೂ ಸಾಧಿಸಿಲ್ಲ ಅಂತಾರೆ!"

ಗಂಡಸರ ಕಡೆಯಿಂದ ಹೌದು ಹೌದು ಅನ್ನುವ ಗುಜುಗುಜು ಬಂತು.

"ವಿನಯ ಅಲ್ಲ!" ಅಂತ ಸೋಮಶೇಖರ ಕೂಗಿದ. ಮೈಕು ಕಿರ್ರೆಂದಿತು. "ನನಗೆ ನಿದ್ದೆ ಇಲ್ಲ. ರಾತ್ರಿಯೆಲ್ಲ ಎದ್ದು ಕೂತಿರ್ತೀನಿ. ಊಟ ಸೇರಲ್ಲ. ಮನೆ, ಕೆಲಸ, ಸಂಬಳ, ಯಾವುದೂ ಬೇಡ ಅನ್ನಿಸಿದೆ. ಜನರ ಮಧ್ಯೆ ಇದ್ದರೂ ಒಬ್ಬನೇ ಇದ್ದ ಹಾಗೆ. ಇದೊಂದೇ ಕೇಳಿಸೋದು ನಂಗೆ, ಬೇರೆ ಏನೂ ಕೇಳಿಸೋದೇ ಬೇಡ ಅನ್ನೋ ಹಾಗೆ ಇದೊಂದೇ. ಈ ಶರೀರ ಬಿಟ್ಟುಬಿಟ್ರೆ ಸಾಕು ಅನ್ನಿಸ್ತಾ ಇದೆ."

ಹೇಳುತ್ತಿದ್ದಂತೆ ಅವನಿಗೆ ಹೊಳೆಯಿತು. ಮುಂದಿನ ಸಾಲಿನ ಮುದುಕನೊಬ್ಬ ಕೈ ಮುಗಿದಿದ್ದ. ಅವನ ಪಕ್ಕದವನೂ ಮುಗಿದ. ತಾನು ಆಡಿದ ಒಂದೊಂದು ಮಾತೂ, ನಿದ್ದೆ, ಊಟ, ಸಂಸಾರ, ಶರೀರ, ಆ ಜನ ಎಷ್ಟೋ ಹುಣ್ಣಿಮೆಗಳಿಂದ ಇದೇ ಹಾಲಿನಲ್ಲಿ ಕೂತು ಕೇಳಿಕೊಂಡು ಬಂದ ಮಾತು. ವೈರಾಗ್ಯ ಹುಟ್ಟಿದವನು ಹೀಗೇ ಹೇಳುತ್ತಾನೆಂದು ಅವರಿಗೆ ಬಾಯಿಪಾಠ. ಬೇರೆ ಮಾತು ಹುಡುಕಿದ. ಕನ್ನಡದಲ್ಲಿ ಬೇರೆ ಮಾತೇ ಇಲ್ಲವೇನೋ ಅನ್ನಿಸಿತು. ಬಾಯಿ ತೆರೆದ, ಅಳು ಬಂತು.

ಹೆಂಗಸರ ಕಡೆ ಎಷ್ಟೋ ಜನ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವನು ಕುಸಿದು ಕೂತ. ಇಷ್ಟೊಂದು ಜನ ಒಟ್ಟಿಗೆ ಸುಮ್ಮನಿರಲು ಸಾಧ್ಯವೆಂದು ಅವನಿಗೆ ಗೊತ್ತಿರಲಿಲ್ಲ. ಆ ಮೌನದ ತುಂಬ ಅದು ಎದ್ದು ನಿಂತಿತು. ಗೋಡೆಗಳಿಂದ, ಕಂಬಗಳಿಂದ, ಅಷ್ಟೂ ಜನರ ಮುಖದಿಂದ ಬರುತ್ತಿರುವ ಹಾಗೆ ಇತ್ತು.

ಸದಾಶಿವಯ್ಯನವರ ಅಕ್ಕ ಬಸವಲಿಂಗಮ್ಮ ಕಂಬ ಹಿಡಿದು ಎದ್ದರು. ಯಡಿಯೂರಿನಿಂದ ಇದಕ್ಕೆಂದೇ ಬಂದವರು. ಬೆನ್ನು ಬಾಗಿತ್ತು. ನಿಧಾನಕ್ಕೆ ನಡೆದು ಬಂದು ಅವನ ಎದುರು ನಿಂತರು.

"ಅಪ್ಪಾ, ಒಂದ್ ಕಿತ ಕಿವಿ ಕೊಡ್ತೀಯಾ? ನಾನೂ ಕೇಳ್ತೀನಿ. ಇನ್ ಎಷ್ಟ್ ದಿನ ಇರ್ತೀನೋ ಏನೋ."

"ಕೇಳಿಸಲ್ಲ ಅಜ್ಜಿ. ಹೊರಗೆ ಕೇಳಿಸಲ್ಲ ಅದು."

"ಆಗ್ಲಿ ಬುಡು, ನೋಡಾನ."

ಬೇಡ ಅನ್ನುವ ಮೊದಲೇ ಮುದುಕಿ ಬಗ್ಗಿ, ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು, ತಮ್ಮ ಕಿವಿಯನ್ನು ಅವನ ಕಿವಿಗೆ ಒತ್ತಿದರು. ಬೆಚ್ಚಗಿತ್ತು. ಓಲೆಯ ಹರಳು ಚುಚ್ಚಿತು. ಕಿವಿ ಮುಚ್ಚಿದಷ್ಟೂ ಅದು ಜೋರಾಗುತ್ತದೆ, ಯಾವಾಗಲೂ ಹಾಗೆ. ಈಗ ತಲೆ ಸೀಳುವಷ್ಟು ಜೋರಾಯಿತು. ಅವನು ಹಲ್ಲು ಕಚ್ಚಿದ. ಆದರೂ ಆ ಮುದಿ ಕೈಗಳನ್ನು ಕಿತ್ತು ಹಾಕುವ ಮನಸ್ಸಾಗಲಿಲ್ಲ. ಇಷ್ಟು ದಿನದಲ್ಲಿ ನೋಯುವ ಜಾಗವನ್ನು ಒಬ್ಬರು ಮುಟ್ಟಿದ್ದರು.

"ಶಿವಾ" ಅಂದರು ಬಸವಲಿಂಗಮ್ಮ. "ಐತೆ."

ಆಮೇಲೆ ಯಾರೂ ಅವನ ಒಪ್ಪಿಗೆ ಕೇಳಲಿಲ್ಲ, ಎದ್ದು ಬಂದರು. ಸದಾಶಿವಯ್ಯ, ತಳ್ಳಬ್ಯಾಡಿ, ನಿಧಾನ, ಸಾಲಾಗಿ ಬನ್ನಿ ಅಂತ ಕೈ ಮಾಡಿದರು. ಒಂದೊಂದೇ ಕಿವಿ ಬಂದು ಒತ್ತಿತು. ಎಣ್ಣೆ ಹಚ್ಚಿದ ಕಿವಿ, ಕೂದಲು ಬೆಳೆದ ಕಿವಿ, ಎತ್ತಿ ಹಿಡಿದ ಮಗುವಿನ ಕಿವಿ. ಪ್ರತಿ ಸಲವೂ ಒಳಗೆ ಅದು ಭೋರ್ಗರೆಯಿತು. ಕೇಳುಸ್ತು, ಅಂದರು. ಗಂಟೆ ತರ, ಅಂದರು. ಒಬ್ಬಳು ಏನೂ ಅನ್ನದೆ ಅವನ ಪಾದ ಮುಟ್ಟಿ ಹೋದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

ಮಲ್ಲಿಗೆ ಹೂವಿನ ಜೊತೆ ಪರಿಚಿತ ಸೋಪಿನ ವಾಸನೆ ಬಂದಾಗ ಕಣ್ಣು ಬಿಟ್ಟ. ಮಾಲಿನಿ. ಅವಳೂ ಸಾಲಿನಲ್ಲಿ ನಿಂತು ಬಂದಿದ್ದಳು. ಮಂಡಿಯೂರಿ ಕೂತಳು. ಮದುವೆಯಾದಷ್ಟು ವರ್ಷದಲ್ಲಿ ಅವಳು ಅಷ್ಟು ಮೆತ್ತಗೆ ಅವನ ಕೆನ್ನೆ ಹಿಡಿದಿರಲಿಲ್ಲ. ಕಿವಿಗೆ ಕಿವಿ ಇಟ್ಟಳು. ಅವನ ಬಾಯಿ ಅವಳ ಕೆನ್ನೆಯ ಪಕ್ಕದಲ್ಲಿತ್ತು, ಬೇರೆ ಯಾರಿಗೂ ಕೇಳಿಸದಷ್ಟು ಹತ್ತಿರ. ಇನ್ನೊಂದು ಸಲ ಇಂಥ ಗಳಿಗೆ ಸಿಕ್ಕುವುದಿಲ್ಲ ಅನ್ನಿಸಿತು.

"ಮಾಲಿನಿ" ಅಂದ, "ನನ್ ಕೈಲಿ ಆಗ್ತಿಲ್ಲ ಕಣೇ. ನಾನು ಸತ್ತೋಗ್ತೀನಿ. ಮನೆಗೆ ಕರ್ಕೊಂಡ್ ಹೋಗು."

ಅವಳು ಬೆರಳನ್ನು ಅವನ ತುಟಿಯ ಮೇಲಿಟ್ಟಳು.

"ಶ್" ಅಂದಳು ಮಾಲಿನಿ, ಕಣ್ಣು ಮುಚ್ಚಿಕೊಂಡೇ. "ಮಾತಾಡ್ಬೇಡಿ. ಕೇಳಿಸ್ತಾ ಇದೆ."

ಅವಳ ಬೆನ್ನ ಹಿಂದೆ ಸಾಲು ಬಾಗಿಲು ದಾಟಿ ಬೀದಿಗೆ ಹೋಗಿತ್ತು. ಎಲ್ಲರೂ ತಮ್ಮ ಸರದಿಗೆ ಕಾಯುತ್ತಾ, ಒಂದು ಪಕ್ಕದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು.